ಈ ಅಟ್ಟ ಖಾಲಿಯಿಲ್ಲ

"ನಮ್ಮ ಬೀದಿಗೆ ಬೂದು ಬಣ್ಣ ಬಳಿದ ಪುಣ್ಯಾತ್ಮ ಯಾರ್ರೀ?"

ಯೋಜನಾ ಕಚೇರಿಯಲ್ಲಿದ್ದವರೆಲ್ಲ ಬೆಚ್ಚಿ ತಲೆಯೆತ್ತಿದರು. ಇವಳಿಗೆ ಇಂಪನಾ ಅಂತ ಹೆಸರಿಟ್ಟವರು ಇವಳ ದನಿ ಕೇಳಿರಲಿಲ್ಲ ಬಿಡಿ!

ಗೋಡೆಯ ಮೇಲೆ ಕರಡು ನಕ್ಷೆ ಅಂಟಿಸಿದ್ದರು. ಇನ್ನು ಹದಿನೈದು ವರ್ಷಕ್ಕೆ ಪಟ್ಟಣ ಹೇಗಿರಬೇಕೆಂದು ಹೇಳುವ ನಕ್ಷೆ. ಹಾಲ್ಕುರಿಕೆ ರಸ್ತೆಯಲ್ಲಿ, ತೋಟಗಳ ಅಂಚಿಗೆ ಸಾಲಾಗಿ ನಿಂತ ಹದಿನೇಳು ಅಟ್ಟದ ಮನೆಗಳು ಅದರಲ್ಲಿ ಇರಲೇ ಇಲ್ಲ. ಅಲ್ಲೊಂದು ಬೂದು ಬಣ್ಣದ ಲಾರಿ ನಿಲ್ದಾಣವಿತ್ತು!

ಮೂಲೆಯ ಮೇಜಿನಿಂದ ಯುವಕನೊಬ್ಬ ಎದ್ದು ಬಂದ.

"ಬಣ್ಣ ಬಳಿದವನು ನಾನೇ. ಜ್ಞಾನೇಶ್ ಅಂತ. ಸರ್ವೆ ಪಟ್ಟಿಯಲ್ಲಿ ಖಾಲಿ ಕಟ್ಟಡಗಳು ಅಂತ ಇತ್ತು, ಮೇಡಂ..."

"ಖಾಲಿನಾ? ಒಳಗೆ ಒಂದ್ ವರ್ಷದ ಕೊಬ್ಬರಿ ಐತೆ ಕಣ್ರೀ!"

"ಹಾಗಾದರೆ ಬರೆದುಕೊಡಿ. ಬಾಯಿಮಾತು ಗಾಳಿಗೆ ಹೋಗುತ್ತೆ. ಆಕ್ಷೇಪಣೆಗೆ ಕೊಟ್ಟ ಅರವತ್ತು ದಿನದಲ್ಲಿ ಇನ್ನು ಮೂವತ್ತೊಂದು ದಿನ ಇದೆ."

"ಹೆದರಿಸ್ತಿದ್ದೀರಾ?"

"ಇಲ್ಲ. ಜಗಳ ಹೇಗೆ ಆಡಬೇಕು ಅಂತ ಹೇಳಿಕೊಡ್ತಿದ್ದೀನಿ."

'ಅಬ್ಬಾ, ಇವನ ಕೊಬ್ಬೇ!' ಎಂದುಕೊಂಡಳು ಇಂಪನಾ. ಆದರೆ ಅವನು ಕೊಟ್ಟ ನಮೂನೆಗಳನ್ನು ಒಂದೂ ಬಿಡದೆ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಸಂಜೆಯೇ ಅವನು ಬೈಕಿನಲ್ಲಿ ಬೀದಿಗೆ ಬಂದ. ಅವತ್ತಿನಿಂದ ಇಬ್ಬರೂ ಆಕ್ಷೇಪಣೆಗೆ ರುಜು ಹಾಕಿಸಲು ಊರಿನ ಮನೆಮನೆ ಅಲೆದರು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಕೂತಿದ್ದ ಊರಿಗೆ ಇವಳೇ ಸಿಕ್ಕಿದ್ದಳು.

"ಸರ್ಕಾರದ ಗೆರೆ ಅಳಿಸಕ್ಕಾಯ್ತದಾ? ಬುಡು ಮಗಾ," ಎಂದರು ದೊಡ್ಡಪ್ಪ ಕಾಡಸಿದ್ದಪ್ಪ.

"ಕಾಗದದ ಮೇಲಿನ ಗೆರೆ ಕಣ್ ದೊಡ್ಡಪ್ಪ, ಹಣೆ ಮೇಲಿಂದಲ್ಲ. ರುಜು ಹಾಕು!"

ಜ್ಞಾನೇಶ್ ನಕ್ಕುಬಿಟ್ಟ. ಅವನು ಇನ್ನೊಮ್ಮೆ ನಗಲಿ ಅಂತಲೇ ಅವಳು ಮುಂದಿನ ಮನೆಯಲ್ಲೂ ಅದೇ ಮಾತು ಹೇಳಿದಳು.

ಕೋಲಾರದ ಕಡೆಯ ಅವನಿಗೆ ಅಟ್ಟದ ಸಂಗತಿ ಗೊತ್ತಿರಲಿಲ್ಲ. ಇಂಪನಾಳ ಅಜ್ಜಿ ಕಲ್ಲಮ್ಮ ಕಾಫಿ ಕೊಡುತ್ತಾ ಹೇಳಿದರು. "ಕಾಯಿ ಅಟ್ಟಕ್ಕೆ ಹಾಕಿ ಬೀಗ ಜಡಿದ್ರೆ ಹನ್ನೊಂದು ತಿಂಗಳು ಮುಟ್ಟಂಗಿಲ್ಲ ಕಣಪ್ಪ. ಒಳಗಿನ ನೀರು ಇಂಗಿ, ಕೊಬ್ಬರಿ ತಾನಾಗೇ ಚಿಪ್ಪು ಬಿಡಬೇಕು. ಅಲ್ಲೀಗಂಟ ಬೀಗದ ಕೈ ಹೊರಗಿನೋರಿಗೆ ಕೊಡಲ್ಲ."

ಅದನ್ನು ಕೇಳಿ ಅವನ ಮುಖ ಯಾಕೆ ಸಪ್ಪಗಾಯಿತೋ ಅವಳಿಗೆ ತಿಳಿಯಲಿಲ್ಲ. 'ಕಾಫಿಗೆ ಸಕ್ಕರೆ ಕಮ್ಮಿ ಆಯ್ತೇನೋ...' ಅಂತ ಒದ್ದಾಡಿದಳು, ಪಾಪ.

ತಿಳಿದದ್ದು ಮೂರು ವಾರದ ಮೇಲೆ. ಆಕ್ಷೇಪಣೆಯ ಜೊತೆಗೆ ಲಗತ್ತಿಸಲು ಸರ್ವೆ ಪ್ರತಿಗೆ ಅರ್ಜಿ ಹಾಕಿದ್ದಳು. ಅದು ಕೈಗೆ ಬಂತು.

'ಹದಿನೇಳು ಕಟ್ಟಡ. ಬೀಗ ಹಾಕಿದೆ. ಬಳಕೆಯಲ್ಲಿಲ್ಲ. ಖಾಲಿ.'

ಕೆಳಗೆ ರುಜು... ಜ್ಞಾನೇಶ್!

ಸಂಜೆ ಅವನ ಬೈಕು ಬೀದಿಗೆ ತಿರುಗುವಷ್ಟರಲ್ಲಿ ಅಡ್ಡ ನಿಂತಳು.

"ಬಣ್ಣ ಅಷ್ಟೇ ನಂದು ಅಂದ್ರಿ. ಬರೆದೋರೂ ನೀವೇ! ಮೂರು ವಾರ ನಮ್ಮಜ್ಜಿ ಕೈ ಕಾಫಿ ಕುಡಿದ್ರಿ. ಇದೊಂದ್ ಮಾತು ಬಾಯಿಗೆ ಬರ್ಲಿಲ್ವಾ?"

"ಹೇಳಿದ್ರೆ ಈ ಬೀದಿಗೆ ಬಿಡ್ತಿರಲಿಲ್ಲ ನೀವು. ನನ್ನ ತಪ್ಪನ್ನ ನಾನೇ ಸರಿ ಮಾಡೋಣ ಅಂತ..."

"ಈಗ್ಲೂ ಬಿಡಲ್ಲ. ಹೋಗಿ!"

ಅವನು ಹೋದ. ಅವಳು ಹಿತ್ತಿಲ ಕಲ್ಲಿನ ಮೇಲೆ ಕೂತು ಚೆನ್ನಾಗಿ ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ಉಳಿದ ನಮೂನೆಗಳನ್ನು ಹಿಡಿದು ಒಬ್ಬಳೇ ಹೊರಟಳು.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಇಂಪನಾ ನಾನೂರ ಹನ್ನೆರಡು ಆಕ್ಷೇಪಣೆಗಳನ್ನು ಮೇಜಿನ ಮೇಲಿಟ್ಟಳು. ಯೋಜನಾ ಪ್ರಾಧಿಕಾರದ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು.

"ನೋಡಮ್ಮ, ಕಚೇರಿಯ ಸರ್ವೆ ದಾಖಲೆ ಖಾಲಿ ಅನ್ನುತ್ತೆ. ದಾಖಲೆಯನ್ನ ಅನುಮಾನಿಸೋಕಾಗಲ್ಲ."

ಹಿಂದಿನಿಂದ ಕಲ್ಲಮ್ಮ ಎದ್ದು ಬಂದರು. ಸೊಂಟದ ಎಲೆಅಡಿಕೆ ಚೀಲದಿಂದ ಬೀಗದ ಕೈ ತೆಗೆದು ಠಣ್ಣನೆ ಮೇಜಿಗೆ ಹಾಕಿದರು. ಅವರ ಹಿಂದೆ ಕಾಡಸಿದ್ದಪ್ಪ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಹೊರಗಿನವರು ಎಂದೂ ಮುಟ್ಟದ ಹದಿನೇಳು ಬೀಗದ ಕೈಗಳು!

"ಬೀಗ ನೋಡಿ ಖಾಲಿ ಅಂದ್ರಲ್ಲ ಸ್ವಾಮಿ? ಬನ್ನಿ, ತೆಗೆದು ನೋಡಿ," ಎಂದಳು ಇಂಪನಾ. "ನೋಡದೆ ಮಾತ್ರ ಗೆರೆ ಎಳೆಯಕ್ಕೆ ನಾವು ಬಿಡಲ್ಲ."

"ದಾಖಲೆ ಅಂದ್ರೆ ದಾಖಲೆನಮ್ಮ..."

"ಆ ದಾಖಲೆ ತಪ್ಪು, ಸರ್."

ಅಧಿಕಾರಿಗಳ ಸಾಲಿನಲ್ಲಿ ಜ್ಞಾನೇಶ್ ಎದ್ದು ನಿಂತಿದ್ದ.

"ಬರೆದವನು ನಾನು. ಒಂದು ಮಧ್ಯಾಹ್ನ ಹೋದೆ. ಬೀಗ ನೋಡಿದೆ. ಯಾರನ್ನೂ ಕೇಳಲಿಲ್ಲ. ಲಿಖಿತವಾಗಿ ತಂದಿದ್ದೀನಿ."

"ಇದರ ಪರಿಣಾಮ ಗೊತ್ತೇನ್ರೀ ನಿಮಗೆ?"

"ಗೊತ್ತು, ಸರ್."

ಇಂಪನಾಳ ಕಣ್ಣು ತುಂಬಿತು. ಹಾಳಾದವನು, ಇಷ್ಟು ಜನರ ಮುಂದೆಯೇ ಅಳಿಸಬೇಕಿತ್ತೇ!

ಅಧ್ಯಕ್ಷರು ಬೇರೆ ದಾರಿಯಿಲ್ಲದೆ ಬೀದಿಗೆ ಬಂದರು. ಅಟ್ಟಗಳ ಬಾಗಿಲು ತೆಗೆದಾಗ ಸೂರಿನವರೆಗೂ ಕಾಯಿ. ಎರಡು ತಿಂಗಳ ಮೇಲೆ ಅಂತಿಮ ನಕ್ಷೆ ಬಂತು. ಲಾರಿ ನಿಲ್ದಾಣ ಹೆದ್ದಾರಿಯ ಆಚೆಗೆ ಹೋಗಿತ್ತು. ಹದಿನೇಳು ಮನೆಗಳೂ ಇದ್ದಲ್ಲೇ ಇದ್ದವು.

ಜ್ಞಾನೇಶನಿಗೂ ಒಂದು ಕಾಗದ ಬಂತು. ಹಾಸನಕ್ಕೆ ವರ್ಗ.

ಕಚೇರಿಯಲ್ಲೇ ಉಳಿದಿದ್ದ ಕಲ್ಲಮ್ಮನ ಬೀಗದ ಕೈ ಹಿಂದಿರುಗಿಸಲು ಅವನು ಬಂದಾಗ ಅಂಗಳದ ತುಂಬ, ಮನೆಯಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಅಟ್ಟ ತೆಗೆದು ಇಳಿಸಿದ ಕಾಯಿಗಳ ರಾಶಿ. ಇಂಪನಾ ಒಂದು ಕಾಯಿ ತೆಗೆದು ಅವನ ಕೈಗಿಟ್ಟಳು.

"ಅಲ್ಲಾಡಿಸಿ."

ಒಳಗಿನಿಂದ ಗಡಗಡ ಸದ್ದು ಬಂತು.

"ಚಿಪ್ಪು ಬಿಟ್ಟೈತೆ. ಹನ್ನೊಂದು ತಿಂಗಳು ಸುಮ್ನಿತ್ತು ಅಂತ ಖಾಲಿ ಅಂದ್ಕಂಡ್ರಲ್ಲ..."

ಅವನು ತಲೆ ತಗ್ಗಿಸಿದ. "ನೀವೂ ಎರಡು ತಿಂಗಳಿಂದ ಮಾತಾಡಿಲ್ಲ, ಇಂಪನಾ. ನಿಮ್ಮ ಮನಸ್ಸಿನಲ್ಲಿ ನಾನಿಲ್ಲ ಅಂತ..."

"ಮತ್ತೆ ಬೀಗ ನೋಡಿ ಬರಕೊಂಡ್ರಾ? ಯಾರನ್ನೂ ಕೇಳ್ದೆ?"

ಅವನು ಸರ್ರನೆ ತಲೆಯೆತ್ತಿದ. ಅವಳ ಕಣ್ಣಲ್ಲಿ ಕೋಪವಿತ್ತು, ನೀರೂ ಇತ್ತು.

"ಈಗ ಕೇಳ್ತಿದ್ದೀನಿ. ನನ್ನನ್ನ ಮದುವೆ ಆಗ್ತೀರಾ? ಯೋಚಿಸೋಕೆ ಅರವತ್ತು ದಿನ ತಗೊಳ್ಳಿ..."

"ಅರವತ್ತು ದಿನ ಯಾಕ್ರೀ? ಅಜ್ಜಿ ಒಳಗವ್ಳೆ. ಬನ್ನಿ, ಇವತ್ತೇ ಕೇಳಿ."

"ಅವರು ಆಕ್ಷೇಪಣೆ ಹಾಕಿದ್ರೆ?"

ಇಂಪನಾ ಅವನ ಕೈ ಹಿಡಿದು ಹೊಸ್ತಿಲಿನ ಕಡೆ ಎಳೆದಳು.

"ಹಾಕ್ಲಿ. ಜಗಳ ಹೆಂಗಾಡ್ಬೇಕು ಅಂತ ನನಗೀಗ ಗೊತ್ತು!"