ಫ್ಯಾನ್ ಗಾಡಿಯ ಮುಂದಿನ ಸೀಟು

"ಮೊದಲ ಸಾಲಿನ ಆ ಮನುಷ್ಯ ಏಳಲ್ಲ ಅಂತಿದಾನೆ," ಎಂದಳು ಅಕ್ಕ, ಕಾಕ್‌ಪಿಟ್ಟಿನ ಬಾಗಿಲಲ್ಲಿ ತಲೆ ತೂರಿಸಿ.

ನನ್ನ ವಿಮಾನದಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವವಳು ಅವಳು. ಅವಳಿಗಿಂತ ವಯಸ್ಸಾದವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ.

"ಯಾಕಂತೆ?"

"ಅವನು ಆರಿಸಿಕೊಂಡ ಸೀಟಂತೆ. ರೂಲ್ಸ್ ಓದ್ತಿದಾನೆ. ನೋಡೋಕೆ ಮಾತ್ರ ಚೆನ್ನಾಗಿದಾನೆ, ಅದನ್ನ ಇಲ್ಲ ಅನ್ನಲ್ಲ."

ನಾನು ಟೋಪಿ ಹಾಕಿಕೊಂಡು ಎದ್ದೆ.

ನನ್ನದು ಎರಡು ರೆಕ್ಕೆಗಳ ಮೇಲೆ ಎರಡು ದೊಡ್ಡ ಪಂಖಗಳಿರುವ ಚಿಕ್ಕ ವಿಮಾನ. ಜನ ಅದನ್ನು ಫ್ಯಾನ್ ಗಾಡಿ ಎನ್ನುತ್ತಾರೆ. ಪ್ರಯಾಣಿಕರು ಕಡಿಮೆ ಇದ್ದು, ಮುಂದಿನ ಗೂಡಿನಲ್ಲಿ ಸರಕು ಹೆಚ್ಚಾದ ದಿನ ಮೂಗು ಭಾರವಾಗುತ್ತದೆ. ಆಗ ಮುಂದೆ ಕೂತವರನ್ನು ಎಬ್ಬಿಸಿ ಹಿಂದಕ್ಕೆ ಕಳಿಸಬೇಕು. ದಿನಾ ಓಡಾಡುವವರಿಗೆ ಇದು ಗೊತ್ತು. ತಿಂಗಳಿಗೊಮ್ಮೆ ಮಗಳನ್ನು ನೋಡಿಕೊಂಡು ಬರುವ ಅಜ್ಜಿಯೊಬ್ಬರಂತೂ ಯಾರೂ ಹೇಳುವ ಮೊದಲೇ ಚೀಲ ಎತ್ತಿಕೊಂಡು ಹಿಂದೆ ಹೋಗಿ ಕೂರುತ್ತಾರೆ.

ಮೊದಲ ಸಾಲಿನ ಮನುಷ್ಯ ಟೇಪು ಹಿಡಿದು ಸೀಟಿನಿಂದ ಸೀಟಿಗೆ ಅಳೆಯುತ್ತಿದ್ದ.

"ನಮ್ಮ ವಿಮಾನಕ್ಕೆ ಬಟ್ಟೆ ಹೊಲಿಸ್ತೀರಾ?" ಎಂದೆ.

ಅವನು ತಲೆಯೆತ್ತಿದ. ನಿದ್ದೆಗೆಟ್ಟ, ಆದರೆ ನಗಲು ತಯಾರಾಗಿಯೇ ಇದ್ದ ಕಣ್ಣುಗಳು.

"ಮೂವತ್ತೊಂದು ಇಂಚು," ಎಂದ. "ಈಗಿನ ಕಾಲಕ್ಕೆ ತುಂಬಾ ಧಾರಾಳ."

"ಮೊಣಕಾಲಿಗೆ ಈಗಿನ ಕಾಲ, ಆಗಿನ ಕಾಲ ಅಂತಿಲ್ಲ ಸ್ವಾಮಿ. ಎದ್ದು ಹಿಂದೆ ಹೋಗಿ. ನೀವು ಇಲ್ಲಿ ಕೂತ್ರೆ ಮೂಗು ಭಾರ ಆಗುತ್ತೆ."

"ನಾನು ಈ ಕಂಪನಿಯ ಫ್ಲೀಟ್ ಪ್ಲಾನರ್," ಎಂದ ಅವನು, ಕಿವಿ ಕೆಂಪಗೆ ಮಾಡಿಕೊಂಡು. "ಯಾವ ವಿಮಾನ ಕೊಳ್ಳಬೇಕು, ಯಾವುದನ್ನ ಮಾರಬೇಕು ಅಂತ ಹೇಳೋನು. ತೂಕದ ವಿಷಯ ನಾನೇ ಪಾಠ ಮಾಡಿದೀನಿ."

"ಒಳ್ಳೇದಾಯ್ತು. ಇವತ್ತು ಪ್ರಾಕ್ಟಿಕಲ್."

ಹಿಂದಿನಿಂದ ಅಜ್ಜಿ ಕೂಗಿದರು. "ಬಾರಪ್ಪಾ, ನಮ್ಮ ಡ್ರೈವರಮ್ಮ ಹೇಳಿದ ಮೇಲೆ ಮುಗೀತು! ಇಲ್ಲಿ ಕಿಟಕೀನೂ ಚೆನ್ನಾಗಿದೆ."

ಅವನು ನಕ್ಕ. ಎದ್ದ. ಏಳುವಾಗ ಮೇಲಿನ ಲಗೇಜ್ ಗೂಡಿಗೆ ತಲೆ ಬಡಿದುಕೊಂಡ. ಪೆಟ್ಟು ಅವನ ನೆತ್ತಿಗೆ ಬಿತ್ತು. ನನ್ನೊಳಗೆ ಏನೋ ಒಂದು ಜಾಗ ಬಿಟ್ಟು ಸರಿಯಿತು.

ನಾವು ಇಳಿಯುವ ಊರಿನ ರನ್‌ವೇ ತುಂಬ ಗಿಡ್ಡ. ಒಂದು ತುದಿಗೆ ಗುಡ್ಡ, ಇನ್ನೊಂದು ತುದಿಗೆ ನೀರು. ದೊಡ್ಡ ಜೆಟ್ ಅಲ್ಲಿ ಇಳಿಯಲಾರದು. ಇಳಿದ ಮೇಲೆ ಅವನು ರೆಕ್ಕೆಯ ನೆರಳಲ್ಲಿ ನಿಂತು ನನಗಾಗಿ ಕಾದಿದ್ದ.

"ಇಲ್ಲಿ ಇಳಿಸೋವಾಗ ಹೆದರಿಕೆ ಆಗಲ್ವಾ?"

"ಟೇಪು ಹಿಡಿದವರನ್ನ ಕಂಡಾಗ ಆಗುತ್ತೆ."

"ಆ ಅಜ್ಜಿ ನಿಮ್ಮನ್ನ ಡ್ರೈವರಮ್ಮ ಅಂದ್ರಲ್ಲ, ಬೇಜಾರಾಗಲ್ವಾ?"

"ನಮ್ಮಪ್ಪ ಬಸ್ ಡ್ರೈವರು. ರಸ್ತೆ ಬದಿ ಯಾರೇ ಕೈ ಎತ್ತಲಿ, ಬಸ್ಸು ನಿಲ್ಲೋದು. ಸ್ಟಾಪು ಇರಲಿ, ಇಲ್ಲದಿರಲಿ. ಕೈ ಎತ್ತಿದೋರನ್ನ ಬಿಟ್ಟು ಹೋದ್ರೆ ರಾತ್ರಿ ಊಟ ಇಳಿಯಲ್ಲ ಅನ್ನೋರು. ಈ ಊರು ಕೈ ಎತ್ತಿ ನಿಂತಿದೆ, ನಾನು ನಿಲ್ಲಿಸ್ತೀನಿ. ನನ್ನ ಕೆಲಸ ಅಷ್ಟೇ."

ಅವನು ಟೇಪನ್ನು ಕಿಸೆಗೆ ಹಾಕಿಕೊಂಡ. ಅವತ್ತಿನಿಂದ ನಮ್ಮ ಬಾಯಲ್ಲಿ ಅವನ ಹೆಸರೇ ಟೇಪು ಎಂದಾಯಿತು.

ಟೇಪು ಮತ್ತೆ ಬಂದ. ಮತ್ತೆ ಮತ್ತೆ ಬಂದ. ಅಧ್ಯಯನ ಎಂದು ಕಾರಣ ಹೇಳುತ್ತಿದ್ದ. ಪ್ರತಿ ಸಲವೂ ಮೊದಲ ಸಾಲಿನಲ್ಲೇ ಕೂರುತ್ತಿದ್ದ. ಅಕ್ಕ ಹೇಳಿದರೆ ಏಳುತ್ತಿರಲಿಲ್ಲ. ನಾನೇ ಹೋಗಬೇಕಿತ್ತು.

"ಇವನಿಗೆ ಇನ್ನೂ ಬುದ್ಧಿ ಬಂದಿಲ್ವಲ್ಲ," ಎಂದು ನಾನು ಒಮ್ಮೆ ಗೊಣಗಿದೆ.

"ನಿನಗೆ ಬಂದಿಲ್ಲ," ಎಂದಳು ಅಕ್ಕ. "ಹಿಂದೆ ಕೂತ್ರೆ ನೀನು ಹೊರಗೆ ಬರ್ತೀಯಾ?"

ಆಮೇಲೆ ನಾನು ಕನ್ನಡಿ ನೋಡಿಕೊಂಡೇ ಹೊರಗೆ ಹೋಗತೊಡಗಿದೆ. ಸೀಟಿನ ಹತ್ತಿರ ನಿಲ್ಲುತ್ತಿದ್ದೆ. ಅವನು ಕಿಟಕಿಯಾಚೆ ನೋಡುವ ನಾಟಕ ಆಡುತ್ತಿದ್ದ. ಗಾಜಿನಲ್ಲಿ ನನ್ನ ನೆರಳು ಅವನ ಕೆನ್ನೆಯ ಪಕ್ಕಕ್ಕೆ ಬಂದು ನಿಲ್ಲುವವರೆಗೂ ತಿರುಗುತ್ತಿರಲಿಲ್ಲ.

"ಏಳಿ."

"ಮೂಗು ಭಾರವಾ?"

"ನಿಮ್ಮದು."

ಅಷ್ಟೇ ಮಾತು. ಆ ಎರಡು ಮಾತಿಗಾಗಿ ನಾನು ವಾರವಿಡೀ ಆಕಾಶ ದಾಟುತ್ತಿದ್ದೆ.

ಸಿಬ್ಬಂದಿ ಕೋಣೆಯ ಗೋಡೆಗೆ ಒಂದು ಬೆಳಿಗ್ಗೆ ಸುತ್ತೋಲೆ ಅಂಟಿತು. ಫ್ಯಾನ್ ಗಾಡಿಗಳನ್ನೆಲ್ಲ ಮಾರುತ್ತಾರೆ. ಇನ್ನು ಮುಂದೆ ಒಂದೇ ಥರದ ದೊಡ್ಡ ಜೆಟ್‌ಗಳು ಮಾತ್ರ, ಒಳಗೆ ಒತ್ತೊತ್ತಾಗಿ ಹೊಸ ಸೀಟುಗಳು. ಚಿಕ್ಕ ಊರುಗಳ ಹಾರಾಟ ರದ್ದು. ಕೆಳಗೆ ಪ್ಲಾನಿಂಗ್ ವಿಭಾಗದ ಮೊಹರು.

"ನಿನ್ನ ಟೇಪು ನಮ್ಮ ಕುತ್ತಿಗೆಯನ್ನೇ ಅಳೆದುಬಿಟ್ಟ," ಎಂದಳು ಅಕ್ಕ.

ನಾನು ನೇರ ಕ್ಯಾಂಟೀನಿಗೆ ಹೋದೆ. ಅವನು ಟೀ ಮುಂದಿಟ್ಟುಕೊಂಡು ಕುಡಿಯದೆ ಕೂತಿದ್ದ.

"ನೀವಾ?"

"ನಾನೇ," ಎಂದ. "ನಿಮ್ಮ ವಿಮಾನ ಹತ್ತೋ ಮುಂಚೆ. ಒಂದೇ ಥರದ ವಿಮಾನ ಇದ್ರೆ ಬಿಡಿಭಾಗ ಒಂದೇ ಥರ, ತರಬೇತಿ ಒಂದೇ ಥರ. ಖರ್ಚು ಇಳಿಯುತ್ತೆ. ಅದು ಸುಳ್ಳಲ್ಲ."

"ಮತ್ತೆ ಈಗ?"

"ಈಗ ಬೇರೆ ಹೇಳ್ತಿದೀನಿ. ಜೆಟ್ಟು ತುಂಬಿದ್ರೆ ಲಾಭ, ಅರ್ಧ ಖಾಲಿ ಹಾರಿದ್ರೆ ಬೆಂಕಿಗೆ ದುಡ್ಡು ಸುರಿದ ಹಾಗೆ. ನಿಮ್ಮ ಗಾಡಿ ಕಡಿಮೆ ಎಣ್ಣೆ ಕುಡಿಯುತ್ತೆ, ಚಿಕ್ಕ ಊರಿನ ಜನರನ್ನ ತಂದು ದೊಡ್ಡ ವಿಮಾನ ತುಂಬಿಸುತ್ತೆ. ಇದನ್ನ ಹಿಡ್ಕೊಂಡು ಎರಡು ಸಲ ಡೈರೆಕ್ಟರ್ ಬಾಗಿಲಿಗೆ ಹೋದೆ. ಒಳಗೇ ಬಿಡಲಿಲ್ಲ."

"ಬಾಗಿಲ ಹೊರಗೆ ನಿಂತು ಕೂಗೋಕೆ ಏನಾಗಿತ್ತು?"

ಅವನು ಮೇಜು ನೋಡಿದ.

ಈ ಸೌಮ್ಯ ಮೌನವನ್ನು ನಾನು ಬಲ್ಲೆ. ಬಸ್ಸು ನಿಲ್ಲಿಸಬೇಡ ಎಂದು ಅಪ್ಪನಿಗೆ ಮೆಮೊ ಕೊಟ್ಟವರ ಪಕ್ಕದಲ್ಲೂ ಇಂಥವರೇ ಕೂತಿದ್ದರು. ಒಳ್ಳೆಯವರು, ಓದಿದವರು, ಮೇಜು ನೋಡುತ್ತ ಕೂತವರು. ಊರುಗಳನ್ನು ನಕಾಶೆಯಿಂದ ಅಳಿಸಲು ಕೆಟ್ಟವರ ಕೈಯೊಂದೇ ಸಾಲದು. ಒಳ್ಳೆಯವರ ಬಾಯಿಗೂ ಬೀಗ ಬೀಳಬೇಕು.

"ಬಾಯಿ ಬಿಡೋ ತನಕ ನನ್ನ ವಿಮಾನ ಹತ್ತಬೇಡಿ," ಎಂದು ಹೊರಟೆ.

ಮರುದಿನ ಕಚೇರಿಯ ಕಾರಿಡಾರಿನಲ್ಲಿ ಅವನು ಎದುರಾದ. ಗೋಡೆಗೆ ಸರಿದು ನಿಂತು, ಬಸ್ಸಿಗೆ ಕಾದವನ ಹಾಗೆ ಕೈ ಎತ್ತಿದ. ನಾನು ನಿಲ್ಲಲಿಲ್ಲ.

ಅವತ್ತು ರಾತ್ರಿ ನನಗೆ ಊಟ ಇಳಿಯಲಿಲ್ಲ.

ಚೀಫ್ ಪೈಲಟ್ ಕರೆಸಿದರು. "ನಿನಗೆ ಜೆಟ್ ತರಬೇತಿ ಕೊಡ್ತೀವಮ್ಮ. ದೊಡ್ಡ ವಿಮಾನ, ದೊಡ್ಡ ಸಂಬಳ. ಇನ್ನೇನು ಬೇಕು?"

"ಇಳಿಯೋ ಜಾಗ ಬೇಕು ಸಾರ್. ನನ್ನ ಜನ ಇರೋ ಕಡೆ."

"ಗಾಡಿ ಮಾರಿದ ಮೇಲೆ ಏನು ಓಡಿಸ್ತೀಯ?"

"ಮಾರೋಕೆ ಮೊದಲು ನನ್ನನ್ನ ಅದರಿಂದ ಇಳಿಸಬೇಕಲ್ಲ."

ಆ ವಾರವೇ ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಹೊಸ ಸೀಟುಗಳ ಪ್ರದರ್ಶನ. ಮರ ಮತ್ತು ಫೈಬರ್‌ನಿಂದ ವಿಮಾನದ ಹೊಟ್ಟೆಯ ಮಾದರಿಯೊಂದನ್ನು ಕಟ್ಟಿದ್ದರು. ಬಾಗಿಲು, ದೀಪ, ಮೈಕು ಎಲ್ಲ ಇತ್ತು. ರೆಕ್ಕೆ ಮಾತ್ರ ಇಲ್ಲ. ನಮ್ಮ ಕಂಪನಿಯಲ್ಲಿ ಒಂದು ಪದ್ಧತಿ. ಹೊಸ ಸೀಟು ಬಂದಾಗ ಕಚೇರಿಯ ತೆಳ್ಳಗಿನ ಹುಡುಗ ಹುಡುಗಿಯರನ್ನು ಆರಿಸಿ ಕೂರಿಸುತ್ತಾರೆ. ಅವರು ಕಾಲ ಮೇಲೆ ಕಾಲು ಹಾಕಿ ನಗುತ್ತಾರೆ, ಫೋಟೋ ತೆಗೆಯುತ್ತಾರೆ. ಆರಾಮ ಸಾಬೀತಾಗುತ್ತದೆ.

ಡೈರೆಕ್ಟರು ಬಂದರು. ಹಣಕಾಸಿನ ಸಾಹೇಬರು ಬಂದರು. ಅವರ ಹಿಂದೆ ಸೂಟು ಹಾಕಿದ ಇನ್ನೊಂದಿಷ್ಟು ಜನ. ಪೈಲಟ್‌ಗಳನ್ನೂ ಕ್ಯಾಬಿನ್ನಿನವರನ್ನೂ ಚಪ್ಪಾಳೆಗೆಂದು ಸಾಲಾಗಿ ನಿಲ್ಲಿಸಿದ್ದರು.

ಟೇಪು ಮುಂದೆ ಬಂದ. ಗಡ್ಡ ಬೋಳಿಸಿರಲಿಲ್ಲ.

"ಈ ಸಲ ಫೋಟೋದವರು ಬೇಡ," ಎಂದ. "ಕೊಳ್ಳೋರು ನೀವು, ನೀವೇ ಕೂತ್ಕೊಳ್ಳಿ. ನನ್ನ ವರದಿ ಒಳಗೇ ಹೇಳ್ತೀನಿ."

ಸೂಟುಗಳು ನಗುತ್ತ ಒಳಗೆ ಹೋದವು. ಅವನು ನನ್ನ ಕಡೆ ತಿರುಗಿದ.

"ಕ್ಯಾಪ್ಟನ್, ಒಂದು ಅನೌನ್ಸ್‌ಮೆಂಟ್ ಮಾಡ್ತೀರಾ?"

ಆ ನೋಟದಲ್ಲಿ ನಾಟಕ ಇರಲಿಲ್ಲ. ಬಾಗಿಲ ಹೊರಗೆ ನಿಂತವನು ಕೊನೆಗೂ ಕೂಗಲು ಉಸಿರೆಳೆದುಕೊಂಡಿದ್ದ. ನನಗೆ ಎಲ್ಲವೂ ಅರ್ಥವಾಯಿತು. ಅಕ್ಕನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ನಾವು ಮೂವರೂ ಒಳಗಾದ ಕೂಡಲೇ ಅವಳು ಬಾಗಿಲು ಎಳೆದು ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

ನಾನು ಮೈಕು ತೆಗೆದುಕೊಂಡೆ. "ಮಾನ್ಯ ಪ್ರಯಾಣಿಕರೇ, ಬೆಲ್ಟು ಕಟ್ಟಿಕೊಳ್ಳಿ. ಇವತ್ತಿನ ಹಾರಾಟ ನಮ್ಮ ಟಿಕೆಟ್ಟಿನಲ್ಲಿ ಬರೆದಿರುವಷ್ಟೇ ಹೊತ್ತು. ದೀಪ ಆರುವವರೆಗೆ ಯಾರೂ ಏಳುವಂತಿಲ್ಲ." ಬೆಲ್ಟಿನ ದೀಪ ಹೊತ್ತಿಸಿದೆ.

ಅವನು ನಡುದಾರಿಯಲ್ಲಿ ನಿಂತು ಮಾತಾಡತೊಡಗಿದ. ಮೊದಮೊದಲು ಅವರು ಕೇಳಿಸಿಕೊಂಡರು. ಬರುಬರುತ್ತ ಮೊಣಕಾಲುಗಳು ಕೇಳಿಸಿಕೊಳ್ಳತೊಡಗಿದವು. ಡೈರೆಕ್ಟರು ಒಮ್ಮೆ ಎಡಕ್ಕೆ ವಾಲಿದರು, ಒಮ್ಮೆ ಬಲಕ್ಕೆ. ಅವರ ಮುಂದೆ ಕೂತಿದ್ದ ಹಣಕಾಸಿನ ಸಾಹೇಬರು ಸೀಟನ್ನು ಹಿಂದಕ್ಕೆ ಬಾಗಿಸಿದರು.

"ರೀ! ನನ್ನ ಕಾಲು!"

"ನನ್ನ ಬೆನ್ನು ಸಾರ್, ಏನು ಮಾಡ್ಲಿ?"

"ನಿಮ್ಮ ಬೆನ್ನನ್ನ ನಿಮ್ಮ ಹತ್ರಾನೇ ಇಟ್ಕೊಳ್ಳಿ!"

ಟೇಪು ಮಾತು ನಿಲ್ಲಿಸಲಿಲ್ಲ. "ನಿಮ್ಮ ಮೊಣಕಾಲಿಂದ ನಾವು ಕದ್ದಿದ್ದು ಮೂರು ಇಂಚು. ಎಲ್ಲರಿಂದ ಕದ್ದು ಕೂಡಿಸಿ ಹೆಚ್ಚಿಗೆ ಸಾಲು ಮಾಡ್ತೀವಿ. ಒಂದು ಸಲ ಜನ ಸಹಿಸ್ತಾರೆ. ಇನ್ನೊಂದು ಸಲ ಬೇರೆ ಕಂಪನಿ ನೋಡ್ತಾರೆ. ಆ ಹೆಚ್ಚಿನ ಸಾಲು ಖಾಲಿ ಹಾರುತ್ತೆ. ಗಿಡ್ಡ ರನ್‌ವೇ ಇರೋ ಊರಿನೋರು ಬೇರೆ ಕಂಪನೀನೂ ನೋಡೋ ಹಾಗಿಲ್ಲ. ಅವರು ರಸ್ತೆ ಬದಿ ಕೈ ಎತ್ಕೊಂಡು ನಿಂತಿರ್ತಾರೆ. ನಾವು ತಲೆ ಮೇಲಿಂದ ಹೋಗ್ತಿರ್ತೀವಿ."

"ಬಾಗಿಲು ತೆಗೀರಿ," ಎಂದರು ಡೈರೆಕ್ಟರು.

"ದೀಪ ಆರಿಲ್ಲ ಸಾರ್," ಎಂದಳು ಅಕ್ಕ, ದಿನಾ ನೂರು ಜನಕ್ಕೆ ಹೇಳುವ ಅದೇ ಸಿಹಿ ದನಿಯಲ್ಲಿ.

"ನಿನ್ನ ಕೆಲಸ ಹೋಗುತ್ತೆ, ಗೊತ್ತಾ?" ಅವರು ಟೇಪುವಿನ ಮೇಲೆ ಹರಿಹಾಯ್ದರು.

"ಗೊತ್ತು ಸಾರ್. ಅದಕ್ಕೇ ಇವತ್ತು ಸರಿಯಾಗಿ ಮಾಡ್ತಿದೀನಿ."

ಅವನು ಮಾತು ಮುಗಿಸಿದ ಮೇಲೆಯೇ ನಾನು ದೀಪ ಆರಿಸಿದೆ. ಸೂಟುಗಳು ಕಾಲು ಎಳೆದುಕೊಂಡು ಹೊರಬಂದವು. ಹ್ಯಾಂಗರಿನಲ್ಲಿ ಸಾಲಾಗಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆಂದೇ ತಾನೇ ನಿಲ್ಲಿಸಿದ್ದು.

ಸಂಜೆಯೊಳಗೆ ಅವನ ಕೆಲಸ ಹೋಯಿತು. ಅಕ್ಕನಿಗೂ ನನಗೂ ಎಚ್ಚರಿಕೆಯ ಪತ್ರ ಬಂತು. ಅಕ್ಕ ಅದನ್ನು ಟೀ ಲೋಟದ ಕೆಳಗೆ ಇಟ್ಟುಕೊಂಡಳು. ಜೆಟ್‌ಗಳನ್ನು ಕೊಂಡರು. ಆದರೆ ಸೀಟುಗಳ ಸಾಲು ಹಳೆಯ ಅಂತರಕ್ಕೇ ಮರಳಿತು. ತಮ್ಮ ಮೊಣಕಾಲನ್ನು ಯಾರೂ ಅಷ್ಟು ಬೇಗ ಮರೆಯುವುದಿಲ್ಲ. ಫ್ಯಾನ್ ಗಾಡಿಗಳ ಮಾರಾಟ ರದ್ದಾಗಲಿಲ್ಲ, ಮುಂದಕ್ಕೆ ಹೋಯಿತು. ಸೀಟು ತುಂಬಿದರೆ ನೋಡೋಣ ಎಂದರು. ಮುಂದಕ್ಕೆ ಹೋದದ್ದನ್ನು ಇನ್ನೂ ಮುಂದಕ್ಕೆ ತಳ್ಳುವುದು ಈಗ ನಮ್ಮ ಪಾಲಿನ ಕೆಲಸ.

ಅವನು ಮಾತ್ರ ಕಾಣಲಿಲ್ಲ. ಫೋನು ಎತ್ತಲಿಲ್ಲ. ಮೊದಲ ಸಾಲಿನಲ್ಲಿ ಯಾರು ಯಾರೋ ಕೂರುತ್ತಿದ್ದರು. ಅಕ್ಕ ಹೇಳಿದ ಕೂಡಲೇ ಎದ್ದು ಹಿಂದೆ ಹೋಗುತ್ತಿದ್ದರು. ಇಷ್ಟು ವಿಧೇಯ ಪ್ರಯಾಣಿಕರನ್ನು ಕಂಡು ನನಗೆ ಇಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಇಬ್ಬನಿ ಆರಿದ ಒಂದು ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ತಲೆ ತೂರಿಸಿದಳು. ಮುಖವೆಲ್ಲ ನಗು.

"ಹೊರಗೆ ಬಾ. ನೋಡು."

ವಿಮಾನ ತುಂಬಿತ್ತು. ಒಂದು ಸೀಟೂ ಖಾಲಿ ಇರಲಿಲ್ಲ. ಮಧ್ಯದಲ್ಲಿ ಅಜ್ಜಿ, ಅವರ ಸುತ್ತ ಗಲಗಲ ಎನ್ನುವ ಹೆಂಗಸರು, ಗಂಡಸರು.

"ಖಾಲಿ ಹೋದ್ರೆ ಗಾಡಿ ಮಾರ್ತಾರಂತಲ್ಲ ಡ್ರೈವರಮ್ಮಾ," ಎಂದರು ಅಜ್ಜಿ. "ಅದಕ್ಕೇ ನಮ್ಮ ಬೀದಿಯನ್ನೇ ಎಬ್ಬಿಸಿಕೊಂಡು ಬಂದೆ. ಎಲ್ಲರಿಗೂ ನನ್ನ ಮಗಳ ಮನೇಲೇ ಊಟ. ಅವಳಿಗೆ ಇನ್ನೂ ಹೇಳಿಲ್ಲ."

ಮೊದಲ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ರಸ್ತೆ ಬದಿಯವರು ಎತ್ತುವ ಹಾಗೆ, ಬೆರಳು ಬಿಡಿಸಿ, ಬಿಟ್ಟು ಹೋಗಬೇಡಿ ಎಂಬ ಹಾಗೆ.

ಈ ಸಲ ನಾನು ನಿಂತೆ.

"ಎಲ್ಲಿ ಹಾಳಾಗಿ ಹೋಗಿದ್ರಿ?"

"ಕೆಲಸ ಹುಡುಕೋಕೆ," ಎಂದ ಟೇಪು. "ಕೈ ಖಾಲಿ ಇಟ್ಕೊಂಡು ನಿಮ್ಮ ಮುಂದೆ ಬರೋಕೆ ಮನಸ್ಸು ಒಪ್ಪಲಿಲ್ಲ. ನೀವು ಇಳಿಸೋ ಊರಿನ ಕಾಲೇಜಲ್ಲಿ ಗಣಿತದ ಪಾಠ ಸಿಕ್ತು. ವಾಪಸ್ ಟಿಕೆಟ್ ತಗೊಂಡಿಲ್ಲ."

"ಅಷ್ಟು ದೂರ ಯಾಕೆ?"

"ದಿನಾ ಅಲ್ಲಿಗೆ ನೀವು ಬರ್ತೀರಲ್ಲ. ನಿಮ್ಮನ್ನ ಇಷ್ಟಪಡ್ತೀನಿ ಅಂತ ಹೇಳೋಕೆ ಬಾಯಿ ಬಿಟ್ಟಿದೀನಿ, ನೋಡಿ. ಈ ಸಲ ಬಾಗಿಲ ಹೊರಗೆ ನಿಂತಿಲ್ಲ."

ಇಡೀ ಬೀದಿ ಕೇಳಿಸಿಕೊಳ್ಳುತ್ತಿತ್ತು. ಅವನು ಅಭ್ಯಾಸಬಲದಿಂದ ಬೆಲ್ಟು ಬಿಚ್ಚಿ, ಹಿಂದೆ ಹೋಗಲು ಏಳತೊಡಗಿದ. ನಾನು ಅವನ ಭುಜದ ಮೇಲೆ ಕೈಯಿಟ್ಟು ಕೂರಿಸಿದೆ.

"ಕೂತ್ಕೋ. ಗಾಡಿ ತುಂಬಿದೆ. ಇವತ್ತು ನೀನು ಕದಲೋ ಹಾಗಿಲ್ಲ."

"ಎಲ್ಲಿವರೆಗೆ?"

"ನಾನು ಈ ಗಾಡಿ ಓಡಿಸೋವರೆಗೆ."

"ಅವರು ಮಾರಿಬಿಟ್ರೆ?"

"ಬರಲಿ," ಎಂದೆ. "ಮಾರೋಕೆ ಬರೋರು ಬರಲಿ. ಈ ಸಲ ಇಬ್ಬರೂ ಬಾಗಿಲಿಗೆ ಅಡ್ಡ ನಿಲ್ಲೋಣ."

"ಇಬ್ಬರೇ ಯಾಕಮ್ಮಾ, ನಾವೇನು ಸತ್ತಿದೀವಾ?" ಎಂದರು ಅಜ್ಜಿ. "ಈಗ ಅವನ ಭುಜ ಬಿಟ್ಟು, ಗಾಡಿ ಬಿಡು."