ಎದುರಂಗಡಿಯ ಬೀಗದವನು

ಬೀಗ ರಿಪೇರಿಯವನು ಒಳಗೆ ಕಾಲಿಟ್ಟದ್ದೇ ತಡ, ಹಾಡು ನಿಂತಿತು.

ಪ್ರಾರ್ಥನಾಲಯಕ್ಕೆ ಸರ್ಕಾರ ಮೊಹರು ಹಾಕಿದ ಮೇಲೆ ಭಾನುವಾರದ ಆರಾಧನೆ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲೇ ನಡೆಯುತ್ತಿತ್ತು. ಹಾಡು ಬೀದಿಗೆ ಕೇಳದಿರಲೆಂದು ಟೈಲರ್ ಹುಡುಗಿಯ ಚಿಕ್ಕಮ್ಮ ಮುಂದೆ ಕೂತು ಹೊಲಿಗೆ ಮೆಷಿನ್ ಓಡಿಸುತ್ತಿದ್ದಳು. ಅವನನ್ನು ಒಳಗೆ ಬಿಟ್ಟವಳೂ ಅವಳೇ.

ಟೈಲರ್ ಹುಡುಗಿ ಎದ್ದು ಅವನಿಗೆ ಅಡ್ಡ ನಿಂತಳು. ಪಾಸ್ಟರನ್ನು ಹಿಡಿಯಲು ಬಂದ ಪೊಲೀಸರಿಗೆ ಅವರ ಮನೆಯ ಬೀಗ ತೆಗೆದುಕೊಟ್ಟವನು ಈ ಎದುರಂಗಡಿಯವನೇ.

"ಇವತ್ತು ಯಾರ ಬಾಗಿಲು ಮುರಿಯೋಕೆ ಬಂದ್ರಿ?"

"ಮುರಿಯಲ್ಲ, ತೆಗೀತೀನಿ," ಎಂದವನು ನಾಲಿಗೆ ಕಚ್ಚಿಕೊಂಡ. "ಅವತ್ತು ಬೇಡಿ ಹಾಕಿಸ್ಕೊಂಡು ಹೊರಟ ಪಾಸ್ಟರು ನನ್ನ ನೋಡಿ, 'ಮಗಾ, ಕೈಗೆ ಗಾಯ ಆಗಿದೆ, ಏನಾದ್ರೂ ಕಟ್ಕೋ' ಅಂದ್ರು. ಜೈಲಿಗೆ ಹೋಗೋರಿಗೆ ಅಷ್ಟು ನೆಮ್ಮದಿ ಎಲ್ಲಿಂದ ಬಂತು? ಅದನ್ನ ಕೇಳೋಕೆ ಬಂದೆ."

"ಕೂರಿಸೇ ಅವನನ್ನ!" ಮೆಷಿನ್ ಸದ್ದಿನ ಮೇಲೆ ಚಿಕ್ಕಮ್ಮ ಕೂಗಿದಳು. "ಯೇಸು ಜೊತೆ ಊರೆಲ್ಲ ಬೈಯೋ ಸುಂಕದವನೂ ಊಟಕ್ಕೆ ಕೂತಿರ್ಲಿಲ್ವಾ?"

ಹುಡುಗಿ ಕೂರಿಸಿದಳು, ತನ್ನ ಕಣ್ಣಿಗೆ ನೇರವಾಗಿ. ಮರುವಾರವೂ ಬಂದ. ರಾಗ ಬಾರದೆ ಎಲ್ಲರಿಗಿಂತ ಒಂದು ಸಾಲು ಹಿಂದೆ ಉಳಿಯುತ್ತಿದ್ದ. ಅವಳು ನಗು ನುಂಗಿಕೊಳ್ಳುತ್ತಿದ್ದಳು.

"ಯಾಕೆ ಹಾಗೆ ದುರುಗುಟ್ಟಿ ನೋಡ್ತೀರಿ?"

"ಕಾವಲು ಕಾಯ್ತಿದೀನಿ."

"ಕಾವಲಿನವರು ನಗ್ತಾರಾ?"

ಅವಳ ಕಿವಿ ಬಿಸಿಯಾಯಿತು.

ಚಳಿಗಾಲ ಕಳೆಯುವ ಹೊತ್ತಿಗೆ ಅವನಿಗೆ ಬಚ್ಚಲುಮನೆಯ ನೀರಿನ ತೊಟ್ಟಿಯಲ್ಲೇ ದೀಕ್ಷಾಸ್ನಾನವಾಯಿತು. ನಡುಗುತ್ತ, ನಗುತ್ತ ಮೇಲೆದ್ದ. ಟವೆಲ್ ಕೊಟ್ಟ ಅವಳ ಬೆರಳನ್ನು ಅವನು ಕೂಡಲೇ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ಆಮೇಲೆ ಯಾರೋ ಚಾಡಿ ಹೇಳಿದರು. ಒಂದು ಭಾನುವಾರ ಅವನಿನ್ನೂ ಆರಾಧನೆಗೆ ಹೊರಡುತ್ತಿದ್ದಾಗ ಪೊಲೀಸರು ನೇರ ಅವನ ಅಂಗಡಿಗೆ ಬಂದು, ಎದುರಿನ ಬಾಗಿಲು ಸದ್ದಿಲ್ಲದೆ ತೆಗೆದುಕೊಡು ಎಂದರು.

"ಆಗಲ್ಲ," ಎಂದ.

"ಸಾಮಾನಿಲ್ವಾ?"

"ಸಾಮಾನಿದೆ ಸಾಹೇಬ್ರೇ, ಮನಸ್ಸಿಲ್ಲ!" ಬೀದಿಗೆಲ್ಲ ಕೇಳುವಂತೆ ಅಂದ. ಅದು ಕೇಳಿ ಚಿಕ್ಕಮ್ಮ ಮೆಷಿನ್ ನಿಲ್ಲಿಸಿ ಒಳಗಿನವರನ್ನು ಎಚ್ಚರಿಸಿದಳು. ಪೊಲೀಸರು ಅವನನ್ನು ಹೊಡೆದು ವ್ಯಾನಿಗೆ ತುಂಬಿ, ಬಾಗಿಲು ಒಡೆದು ನುಗ್ಗುವಷ್ಟರಲ್ಲಿ ಜನ ಹಿತ್ತಲಿನಿಂದ ದಾಟಿದ್ದರು. ಒಳಗೆ ಬಟ್ಟೆಯ ತುಂಡುಗಳಿದ್ದವು, ಅಷ್ಟೇ.

ಅವನಿಗೆ ಎರಡು ವರ್ಷ ಶಿಕ್ಷೆಯಾಯಿತು.

ಜೈಲಿನ ಭೇಟಿಯ ದಿನ ತಂತಿಬಲೆಯ ಆಚೆ ಹುಡುಗಿಗೆ ಅವನು ಬಡಕಲಾಗಿ ಕಂಡ. ತುಟಿ ಸೀಳಿತ್ತು.

"ಹೆದರಿಕೆ ಆಗಲ್ವಾ?"

"ಆಗತ್ತೆ. ಆಗ ಹಾಡ್ಕೋತೀನಿ. ಪಕ್ಕದ ಸೆಲ್‌ನವನು ಮೊದಲು ಬಾಯಿಗೆ ಬಂದ ಹಾಗೆ ಬೈತಿದ್ದ. ಈಗ ಮುಂದಿನ ಸಾಲು ಯಾವ್ದೋ ಅಂತ ಕೇಳ್ತಾನೆ." ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. "ನಿಜ ಹೇಳ್ಲಾ? ನಾನು ಇಷ್ಟು ಖುಷಿಯಾಗಿ ಯಾವತ್ತೂ ಇರ್ಲಿಲ್ಲ. ನೀವು ಮಾತ್ರ ನನಗೋಸ್ಕರ ಕಾಯ್ಬೇಡಿ."

"ಕಾಯೋದು ಬಿಡೋದು ನನಗೆ ಸೇರಿದ್ದು. ಮದುವೆ ಅಂತಾದ್ರೆ ನಿಮ್ಮನ್ನೇ ಅಂತ ಚಿಕ್ಕಮ್ಮನಿಗೆ ಹೇಳಾಯ್ತು."

"ನನ್ನ ಕೇಳ್ಲೇ ಇಲ್ವಲ್ಲ?"

ಕಾವಲುಗಾರ ಟೈಮ್ ಆಯಿತೆಂದು ಕೂಗಿದ. ಅವಳು ಬಲೆಗೆ ಹಣೆ ಆನಿಸಿದಳು.

"ಹೂಂ ಅನ್ನು," ಎಂದಳು, ಮೊದಲ ಸಲ ಏಕವಚನದಲ್ಲಿ.

"ಹೂಂ," ಎಂದ ಅವನು. "ಹೂಂ ಕಣೇ."