ಗಿರಣಿ ಮುಂದಿನ ಹಲಗೆ

ಇಬ್ಬರ ಮನಸ್ಸಿನ ಮಾತು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು. ಆದರೂ ಹೇಳದೆ ಇರಲಾಗಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

“ಮದುವಿ ಆದ ಮ್ಯಾಲ ನೌಕರಿ ಬಿಡಬೇಕಾಗ್ತದ ನೋಡವ್ವಾ.”

ಹೆಣ್ಣು ನೋಡಲು ಬಸವಕಲ್ಯಾಣಕ್ಕೆ ಬಂದಿದ್ದ ಹುಡುಗನ ಸೋದರಮಾವ ಓಂಪ್ರಕಾಶ ತಟ್ಟೆಯ ಅವಲಕ್ಕಿ ಚೂಡಾ ಮೆಲ್ಲುತ್ತ ಅಂದರು.

ಚಹಾ ಕೊಡುತ್ತಿದ್ದ ವಿದ್ಯಾವತಿ ತಲೆ ಎತ್ತಿದಳು.

“ನೌಕರಿ ಬಿಡ್ಸೋ ಮಾತಿದ್ರ ಚಹಾ ಕುಡದು ಹೋಗ್ರಿ, ಕಾಕಾ!”

ಅಣ್ಣ ವೀರಭದ್ರ ಬೆವತುಹೋದ. ಆದರೆ ಹುಡುಗ ದಿಗಂಬರ... ನಗು ತಡೆಯಲಾರದೆ ಕೆಮ್ಮಿದ.

‘ಇವನಿಗೆ ಸಿಟ್ಟೇ ಬರಲಿಲ್ಲವಲ್ಲ!’ ಅವಳ ಎದೆಯಲ್ಲಿ ಏನೋ ಮೆತ್ತಗಾಯಿತು.

ಮರುದಿನ ಬೆಳಿಗ್ಗೆ ಬಸ್ಸಿಳಿದು ಮಾಣಿಕನಗರದ ತನ್ನ ಶಾಲೆಗೆ ಹೊರಟಳು. ದಾರಿಯಲ್ಲೇ ದಿಗಂಬರನ ಹಿಟ್ಟಿನ ಗಿರಣಿ. ಅದರ ಮುಂದಿನ ಕರಿಹಲಗೆಯ ಮೇಲೆ ದಿನಾ ಒಂದು ಒಳ್ಳೆಯ ಮಾತು ಬರೆದಿರುತ್ತಿತ್ತು. ಎಷ್ಟೋ ದಿನ ನಿಂತು ಓದಿದ್ದಳು.

ಅಂದು ಬರೆದಿತ್ತು: ‘ನಾಲಿಗೆ ಹರಿತವಿದ್ದಲ್ಲಿ ಸುಖ ಕೂರದು.’

ಜೊತೆಯ ಟೀಚರ್ ಸಪ್ನಾ ಕಿಸಕ್ಕನೆ ನಕ್ಕಳು. “ಅಕ್ಕಾ, ನಿನ್ನಿ ಹೆಣ್ಣ ನೋಡಿ ಹೋದಂವ ಇವತ್ತ ಸರ್ಟಿಫಿಕೇಟ್ ಕೊಟ್ಟಾನ!”

ವಿದ್ಯಾವತಿಯ ಕಣ್ಣು ತುಂಬಿ ಬಂತು. ಎದುರಿಗೆ ನಗು... ಬೆನ್ನ ಹಿಂದೆ ಬೀದಿಯಲ್ಲಿ ಮರ್ಯಾದೆ ಕಳೆಯುವುದು! ಒಳ್ಳೆಯ ಮಾತು ಬರೆಯುವವರೆಲ್ಲ ಒಳ್ಳೆಯವರೇ?

ಆ ದಿನದಿಂದ ಬೇರೆ ದಾರಿ ಹಿಡಿದಳು. “ಆ ಮನಿ ಬ್ಯಾಡ ಅಣ್ಣಾ,” ಅಂದಳು. ಶುಕ್ರವಾರ ಸಂಜೆ ಫೋನ್ ಮಾಡಿ ಹೇಳಿಬಿಡುತ್ತೇನೆ ಎಂದ ವೀರಭದ್ರ.

ಶುಕ್ರವಾರ ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಇಲ್ಲ ಅನ್ನುವುದಾದರೆ ಮುಖಕ್ಕೇ ಅನ್ನಬೇಕು! ನೇರ ಗಿರಣಿಗೇ ಹೋದಳು.

“ನನ್ನ ನಾಲಿಗಿ ಊರಿಗೆಲ್ಲ ತೋರ್ಸಿದ್ರಲ್ರಿ, ಸಮಾಧಾನ ಆತೇನು?”

ದಿಗಂಬರ ಗಾಬರಿಯಿಂದ ಯಂತ್ರ ನಿಲ್ಲಿಸಿದ.

“ಏ ತಮ್ಮಾ, ನನ್ನ ಜ್ವಾಳ ಅರ್ಧಕ್ಕ ನಿಂತಾವ!” ಡಬ್ಬಿ ಹಿಡಿದು ಕೂತಿದ್ದ ಗಯಾಬಾಯಿ ಕೂಗಿದಳು.

“ಒಂದ ನಿಮಿಷ ಆಯಿ...” ಅವನು ವಿದ್ಯಾವತಿಯ ಕಡೆ ತಿರುಗಿದ. “ಅದು ನಿಮಗ ಬರದದ್ದಲ್ರಿ. ನಮ್ಮಪ್ಪ ತೀರಕೊಳ್ಳೋಕಿಂತ ಮೊದಲ ಒಂದ ವಹಿ ತುಂಬ ಒಳ್ಳೆ ಮಾತ ಬರದಿಟ್ಟಾನ. ಅವ್ವಗ ಓದಾಕ ಬರಂಗಿಲ್ಲ. ದಿನಾ ಪೂಜಾ ಮುಗದ ಮ್ಯಾಲ ವಹಿ ತೆರದು ಬೆರಳ ಇಡ್ತಾಳ. ಬೆರಳ ಬಿದ್ದದ್ದನ್ನ ನಾ ಬರೀತೀನಿ.”

“ಖರೇ ಅದ ಮಗಳ,” ಎಂದಳು ಗಯಾಬಾಯಿ. “ಒಮ್ಮಿ ‘ಜಿಪುಣಗ ನೆಂಟರಿಲ್ಲ’ ಅಂತ ಬಿತ್ತು. ನನ್ನ ಗಂಡ ತಿಂಗಳಗಟ್ಲೆ ಈ ಗಿರಣಿಗಿ ಬರ್ಲಿಲ್ಲ!”

ವಿದ್ಯಾವತಿಗೆ ನಗು ಬಂತು, ಸಿಟ್ಟೂ ಇತ್ತು. “ನಾ ಓದ್ತೀನಂತ ಗೊತ್ತಿತ್ತಲ್ಲ? ಅವತ್ತೊಂದಿನ ಬಿಡಬೇಕಿತ್ತು.”

ಅವನು ತಲೆ ತಗ್ಗಿಸಿದ. “ನಿಮಗ ಚುಚ್ಚೋ ಮಾತ ಬರಿಯೋದು ಬಿಟ್ರ, ನಾಳೆ ನನಗ ಚುಚ್ಚೋದೂ ಬಿಡ್ತೀನಿ ಅನಿಸ್ತು. ಅಪ್ಪನ ಮಾತ ಉಳೀತು... ನಿಮ್ಮ ಮನಸ ನೋಯ್ತು. ನಂದು ತಪ್ಪಾತ್ರಿ.”

“ನೌಕರಿ?”

“ಇನ್ನ ಆ ಮಾತ ಎತ್ತಬ್ಯಾಡ ಅಂತ ಅವತ್ತ ತಿರಗಿ ಬರೋ ಬಸ್ಸಿನಾಗೇ ಮಾವಗ ಹೇಳೀನಿ.”

ಆಗ ಅವಳ ಕಣ್ಣು ಹೊರಗಿನ ಹಲಗೆಯ ಮೇಲೆ ಹೋಯಿತು. ಹತ್ತು ಗಂಟೆಯಾಗಿದ್ದರೂ ಅದು ಖಾಲಿ!

“ಇವತ್ತ ಯಾಕ ಬರದಿಲ್ಲ?”

“ಪ್ರೀತಿ ಮ್ಯಾಲಿನ ಮಾತ ಬಿದ್ದದ...” ಅವನ ಕಿವಿ ಕೆಂಪಾದವು. “ಬರದ್ರ ಖರೇನೇ ನಿಮಗ ಬರದಂಗ ಆಗ್ತಿತ್ತು. ಅಂಜಿ ಬಿಟ್ಟೀನಿ. ಓದ್ಲೇನು?”

“ಬ್ಯಾಡ್ರಿ.” ಅವಳು ತಡೆದಳು. “ಅದು ನಿಮ್ಮಪ್ಪನ ಮಾತು. ನಿಮ್ಮದು ಹೇಳ್ರಿ.”

ದಿಗಂಬರ ಹಿಟ್ಟಿನ ಕೈ ಒರೆಸಿಕೊಂಡ.

“ನನಗ ಮಾತಾಡಾಕ ಬಾಯಿಲ್ರಿ. ನಿಮ್ಮ ಬಾಯಿ ಜೋರದ. ಮನಿಗಿ ಒಂದ ಸಾಕು... ಬರ್ತೀರೇನು?”

ಕಣ್ಣೀರು ಒರೆಸಿಕೊಂಡು ನಕ್ಕಳು ವಿದ್ಯಾವತಿ. “ಸಂಜಿಗಿ ಅಣ್ಣ ಬ್ಯಾಡ ಅಂತ ಫೋನ್ ಮಾಡಾಂವ ಇದ್ದಾನ. ಅದಕ್ಕ ಮೊದಲ ನೀವೇ ಮಾಡ್ರಿ.”

“ನಾನಾ? ಏನಂತ ಹೇಳ್ಲಿ?”

“ವಿದ್ಯಾ ಒಪ್ಯಾಳ ಅಂತ. ಮಾತು ಈಗಿಂದನೇ ರೂಢಿ ಆಗ್ಲಿ!”

ಅಂದು ಅವನು ಬರೆದದ್ದು ಸರಿಯೋ, ಆ ಶುಕ್ರವಾರ ಬರೆಯದೆ ಬಿಟ್ಟದ್ದು ಸರಿಯೋ? ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇನ್ನೂ ಗೊತ್ತಾಗಿಲ್ಲ.